ಕೊಟ್ಟವನ ಹೆಸರಿಲ್ಲದ ವಿದ್ಯಾಲಯ

ಬೀದರ್ ನಗರಕ್ಕೆ ಹೋದವರು ಮಹಮೂದ್ ಗಾವಾನರ ಮದರಸವನ್ನು ನೋಡದೆ ಬರುವುದಿಲ್ಲ. ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾಗಿದ್ದ ಗಾವಾನ್ ಮೂಲತಃ ಪರ್ಶಿಯಾದ ಗೀಲಾನ್ ಪ್ರಾಂತ್ಯದವರು, ವ್ಯಾಪಾರಿಯಾಗಿ ದಖ್ಖನಿಗೆ ಬಂದವರು. 1472ರಲ್ಲಿ ಅವರು ಕಟ್ಟಿ ಮುಗಿಸಿದ ಈ ಮೂರು ಅಂತಸ್ತಿನ ವಿದ್ಯಾಲಯದಲ್ಲಿ ಪಾಠದ ಹಜಾರಗಳಿದ್ದವು, ವಿದ್ಯಾರ್ಥಿಗಳಿಗೂ ಉಸ್ತಾದರಿಗೂ ಉಳಿಯಲು ಕೋಣೆಗಳಿದ್ದವು, ಮಸೀದಿಯಿತ್ತು, ಸಾವಿರಾರು ಹಸ್ತಪ್ರತಿಗಳ ಗ್ರಂಥಾಲಯವಿತ್ತು. ದೂರದ ದೇಶಗಳ ವಿದ್ವಾಂಸರನ್ನು ಗಾವಾನ್ ಇಲ್ಲಿಗೆ ಆಹ್ವಾನಿಸಿದ್ದರು.

1481ರಲ್ಲಿ ವಿರೋಧಿಗಳು ಸೃಷ್ಟಿಸಿದ ಒಂದು ಖೋಟಾ ಪತ್ರವನ್ನು ನಂಬಿ ಸುಲ್ತಾನನು ಗಾವಾನರನ್ನು ಕೊಲ್ಲಿಸಿದನು. ಮದರಸ ಅದರ ನಂತರವೂ ನಡೆಯಿತು. ಆದರೆ ರಾಜ್ಯಗಳು ಬದಲಾದಂತೆ ಅದರ ಗತಿಯೂ ಬದಲಾಯಿತು. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಆ ಕಟ್ಟಡದೊಳಗೆ ಸೈನ್ಯದ ಸಿಡಿಮದ್ದು ಸೇರಿತ್ತು. ಅದು ಸ್ಫೋಟಿಸಿ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಇಂದು ಅಲ್ಲಿ ಒಂದು ಮಿನಾರು ಉಳಿದಿದೆ, ಗೋಡೆಯ ಮೇಲೆ ನೀಲಿ ಹೊಳಪಿನ ಬಿಲ್ಲೆಗಳು ಅಲ್ಲಲ್ಲಿ ಉಳಿದಿವೆ. ಪಾಠ ಕೇಳುವವರು ಯಾರೂ ಇಲ್ಲ.

ಈ ಮದರಸವನ್ನು ನೆನೆದಾಗ ನಾವು ಸಾಮಾನ್ಯವಾಗಿ ಹೆಮ್ಮೆಪಡುತ್ತೇವೆ. ಹೆಮ್ಮೆ ತಪ್ಪಲ್ಲ. ಆದರೆ ಇತಿಹಾಸದಿಂದ ಕಲಿಯಬೇಕಾದ ಪ್ರಶ್ನೆ ಬೇರೆಯೇ ಇದೆ. ಇಷ್ಟು ಶ್ರಮದಿಂದ ಕಟ್ಟಿದ ವಿದ್ಯಾಲಯಗಳಲ್ಲಿ ಕೆಲವು ಗೋಡೆಗಳಾಗಿ ಉಳಿಯುತ್ತವೆ, ಕೆಲವು ನೂರು ವರ್ಷ ದಾಟಿಯೂ ವಿದ್ಯಾಲಯಗಳಾಗಿಯೇ ಉಳಿಯುತ್ತವೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಉತ್ತರಕ್ಕಾಗಿ ನಮ್ಮದೇ ರಾಜ್ಯದ ಇನ್ನೊಂದು ವಿದ್ಯಾಲಯದ ಕಥೆಯನ್ನು ನೋಡೋಣ. ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ.

ಬಾಡಿಗೆಯಿಂದ ನಡೆಯುವ ವಿದ್ಯೆ

ಸದಕಾ ಜಾರಿಯಾ ಎಂಬ ಮಾತನ್ನು ನಾವು ಜುಮಾ ಖುತ್ಬಾಗಳಲ್ಲಿ ಅನೇಕ ಬಾರಿ ಕೇಳಿದ್ದೇವೆ. ಕೊಟ್ಟವನು ತೀರಿಹೋದ ಮೇಲೂ ಹರಿಯುತ್ತಲೇ ಇರುವ ದಾನ ಅದು. ಮುಸ್ಲಿಮ್ ಲೋಕದಲ್ಲಿ ವಿದ್ಯಾಕೇಂದ್ರಗಳು ಬೆಳೆದದ್ದು ಈ ಕಲ್ಪನೆಯಿಂದಲೇ. ಮೊರಾಕ್ಕೊದ ಫೆಝ್ ನಗರದಲ್ಲಿ 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ತಮಗೆ ಬಂದ ಪಿತ್ರಾರ್ಜಿತ ಆಸ್ತಿಯಿಂದ ಕಟ್ಟಿಸಿದರೆಂದು ಹೇಳಲಾಗುವ ಅಲ್ ಕರವಿಯ್ಯೀನ್ ಮಸೀದಿ ಮುಂದೆ ದೊಡ್ಡ ವಿದ್ಯಾಕೇಂದ್ರವಾಯಿತು. ಅಂಗಡಿಗಳನ್ನೂ ತೋಟಗಳನ್ನೂ ವಕ್ಫ್ ಮಾಡಿ, ಅವುಗಳ ಆದಾಯದಿಂದ ಉಸ್ತಾದರ ಸಂಬಳ, ವಿದ್ಯಾರ್ಥಿಗಳ ಊಟ, ಪುಸ್ತಕಗಳ ಖರ್ಚು ನೋಡಿಕೊಳ್ಳುವುದು ಅಂದಿನ ಕ್ರಮವಾಗಿತ್ತು. ಮೂಲ ಆಸ್ತಿಯನ್ನು ಮಾರುವಂತಿಲ್ಲ. ಕೊಟ್ಟವನೂ ಅದನ್ನು ಹಿಂದಕ್ಕೆ ಕೇಳುವಂತಿಲ್ಲ.

ಪಾರ್ಸಿ ಉದ್ಯಮಿ ಜಮ್‌ಶೇಟ್‌ಜಿ ನುಸ್ಸರ್‌ವಾನ್‌ಜಿ ಟಾಟಾ ಅವರಿಗೆ ವಕ್ಫ್‌ನ ನಿಯಮಗಳೊಂದಿಗೆ ಸಂಬಂಧವಿರಲಿಲ್ಲ. ಆದರೆ ಅವರು ಮಾಡಿದ್ದು ಇದಕ್ಕೆ ಬಹಳ ಹತ್ತಿರದ ಕೆಲಸ. 1892ರಲ್ಲಿ ಅವರು ವಿದೇಶದಲ್ಲಿ ಓದುವವರಿಗಾಗಿ ಒಂದು ನಿಧಿ ಸ್ಥಾಪಿಸಿದರು. ಮೊದಲು ಅದು ಪಾರ್ಸಿ ಯುವಕರಿಗೆ ಮಾತ್ರ ಇತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಎಲ್ಲ ಭಾರತೀಯರಿಗೂ ತೆರೆದರು. ಹೀಗೆ ಒಬ್ಬೊಬ್ಬರನ್ನೇ ಹೊರಗೆ ಕಳುಹಿಸುವ ಬದಲು ಸಂಶೋಧನೆ ನಡೆಸುವ ಒಂದು ವಿಶ್ವವಿದ್ಯಾನಿಲಯವನ್ನು ಇಲ್ಲಿಯೇ ಕಟ್ಟಿದರೆ ಹೇಗೆ ಎಂಬ ಯೋಚನೆ ಅವರಲ್ಲಿ ಬೆಳೆಯಿತು. ಆ ಕಾಲದ ನಮ್ಮ ವಿಶ್ವವಿದ್ಯಾನಿಲಯಗಳು ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿಗಳಾಗಿದ್ದವು. ಹೊಸ ಜ್ಞಾನವನ್ನು ಹುಡುಕುವ ಕೆಲಸ ಅಲ್ಲಿ ಬಹಳ ಕಡಿಮೆ. ಟಾಟಾ ತಮ್ಮ ಸಹಾಯಕ ಬುರ್ಜೋರ್ಜಿ ಪಾದ್‌ಶಾ ಅವರನ್ನು ಯುರೋಪಿನ ವಿಶ್ವವಿದ್ಯಾನಿಲಯಗಳನ್ನು ನೋಡಿ ಬರಲು ಕಳುಹಿಸಿದರು.

ಬೊಂಬಾಯಿಯಲ್ಲಿದ್ದ ತಮ್ಮ 14 ಕಟ್ಟಡಗಳನ್ನೂ 4 ಜಮೀನುಗಳನ್ನೂ ಟಾಟಾ ಈ ಯೋಜನೆಗೆ ಬಿಟ್ಟುಕೊಟ್ಟರು. ಆಗಿನ ಬೆಲೆಯಲ್ಲಿ ಅದು ಸುಮಾರು 30 ಲಕ್ಷ ರೂಪಾಯಿ, ಅವರ ಸಂಪತ್ತಿನ ಅರ್ಧದಷ್ಟು. ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ ರೂಪಾಯಿ ಆದಾಯ ಬರಬೇಕೆಂಬುದು ಲೆಕ್ಕ. ಆಸ್ತಿ ಹಾಗೆಯೇ ಇರಬೇಕು, ಅದರ ಆದಾಯದಿಂದ ವಿದ್ಯೆ ನಡೆಯಬೇಕು.

1898ರ ಡಿಸೆಂಬರ್ 31ರಂದು, ಆಗತಾನೆ ಭಾರತಕ್ಕೆ ಬಂದಿಳಿದಿದ್ದ ಹೊಸ ವೈಸ್‌ರಾಯ್ ಲಾರ್ಡ್ ಕರ್ಜನ್ ಮುಂದೆ ಯೋಜನೆಯನ್ನು ಇಡಲಾಯಿತು. ಕರ್ಜನ್‌ಗೆ ಅನುಮಾನಗಳಿದ್ದವು. ಇಂಥ ಉನ್ನತ ವಿದ್ಯೆಗೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಗುತ್ತಾರೆಯೇ? ಸಿಕ್ಕರೂ ಕಲಿತ ಮೇಲೆ ಅವರಿಗೆ ಉದ್ಯೋಗ ಎಲ್ಲಿದೆ? 1900ರಲ್ಲಿ ಪ್ರಸಿದ್ಧ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ದೇಶವನ್ನು ಸುತ್ತಿ, ಬೆಂಗಳೂರೇ ಇದಕ್ಕೆ ತಕ್ಕ ಸ್ಥಳವೆಂದು ವರದಿ ಕೊಟ್ಟರು. ಆ ವರದಿಯ ಮೇಲೆ ಇನ್ನೊಂದು ಸಮಿತಿ, ಅದರ ಮೇಲೆ ಪತ್ರ ವ್ಯವಹಾರ ಎಂದು ವರ್ಷಗಳು ಉರುಳಿದವು. 1904ರ ಮೇ 19ರಂದು ಜರ್ಮನಿಯಲ್ಲಿ ಟಾಟಾ ತೀರಿಕೊಂಡರು. ಆಗ ಬೆಂಗಳೂರಿನಲ್ಲಿ ಒಂದು ಕಲ್ಲನ್ನೂ ಇಟ್ಟಿರಲಿಲ್ಲ.

ಆಸ್ತಿ ತಮಗೇ ಇರಲಿ ಎಂದು ಮಕ್ಕಳು ಮನಸ್ಸು ಬದಲಾಯಿಸಿದ್ದರೆ ಯೋಜನೆ ಅಲ್ಲಿಗೇ ಮುಗಿಯುತ್ತಿತ್ತು. ದೊರಾಬ್ ಮತ್ತು ರತನ್ ಟಾಟಾ ತಂದೆಯ ಮಾತನ್ನು ಉಳಿಸಿಕೊಂಡರು. ಇನ್ನೊಂದು ಕಡೆ ಮೈಸೂರು ಸಂಸ್ಥಾನವೂ ಕೈಜೋಡಿಸಿತ್ತು. ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನರ ಆಡಳಿತದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಭೂಮಿ ಮತ್ತು ಹಣದ ಭರವಸೆ ಕೊಟ್ಟಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ, 371 ಎಕರೆ ಭೂಮಿ ಸಂಸ್ಥೆಗೆ ಸಿಕ್ಕಿತು. ಜತೆಗೆ ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷಕ್ಕೆ 50 ಸಾವಿರ ರೂಪಾಯಿಯ ಅನುದಾನ. 1909ರ ಮೇ 27ರಂದು ಭಾರತ ಸರಕಾರದ ಆದೇಶ ಹೊರಬಿತ್ತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಒಳಗೆ ಕಾಲಿಟ್ಟರು.

ಸಂಸ್ಥೆಗೆ ತನ್ನ ಹೆಸರು ಬೇಡವೆಂಬುದು ಟಾಟಾ ಅವರ ಇಚ್ಛೆಯಾಗಿತ್ತು. ಆದ್ದರಿಂದ ಫಲಕದ ಮೇಲೆ ಇರುವುದು ‘ಭಾರತೀಯ ವಿಜ್ಞಾನ ಸಂಸ್ಥೆ’. ವಿಚಿತ್ರವೆಂದರೆ ಬೆಂಗಳೂರಿನ ಹಳಬರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಬೇಡವೆಂದು ಬಿಟ್ಟ ಹೆಸರನ್ನು ಜನರೇ ಮತ್ತೆ ಕೊಟ್ಟರು.

ಬೀದರಿಗೂ ಬೆಂಗಳೂರಿಗೂ ಇರುವ ವ್ಯತ್ಯಾಸ ಇಲ್ಲಿ ಕಾಣಿಸುತ್ತದೆ. ಗಾವಾನರ ಔದಾರ್ಯ ಟಾಟಾ ಅವರಿಗಿಂತ ಕಡಿಮೆಯದೇನಲ್ಲ. ಆದರೆ ಬೀದರಿನಲ್ಲಿ ಆಳುವವರ ಮನಸ್ಸು ಬದಲಾದಾಗ ಪುಸ್ತಕಗಳಿದ್ದ ಜಾಗಕ್ಕೆ ಸಿಡಿಮದ್ದು ಬಂದರೂ ತಡೆಯುವವರು ಇರಲಿಲ್ಲ. ಬೆಂಗಳೂರಿನಲ್ಲಿ ಕೊಟ್ಟವರ ಆಸ್ತಿ, ಸಂಸ್ಥಾನದ ಭೂಮಿ, ಸರಕಾರದ ಕಾನೂನು ಮೂರೂ ಒಂದಕ್ಕೊಂದು ಕಟ್ಟುಬಿದ್ದಿದ್ದವು. ಅದು ಯಾರೊಬ್ಬರದ್ದೂ ಆಗಿರಲಿಲ್ಲ. ಹಾಗಾಗಿಯೇ ಉಳಿಯಿತು.

ಮುಚ್ಚಿದ ಬಾಗಿಲು ಮತ್ತು ಒಬ್ಬ ಹುಡುಗಿ

ಸಾರ್ವಜನಿಕ ಹಣದಿಂದ ನಿಂತ ಮಾತ್ರಕ್ಕೆ ಒಂದು ಸಂಸ್ಥೆ ಎಲ್ಲರದ್ದೂ ಆಗುವುದಿಲ್ಲ. ಯಾರಿಗೆ ಪ್ರವೇಶವಿದೆ ಎಂಬುದನ್ನೂ ನೋಡಬೇಕು.

1933ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದ ಪದವಿಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ಯುವತಿ ಈ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆ ಮತ್ತು ಚಿಕ್ಕಪ್ಪ ಇಲ್ಲಿಯೇ ಓದಿದ ರಸಾಯನ ವಿಜ್ಞಾನಿಗಳು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪ್ರಶಸ್ತಿ ಪಡೆದಿದ್ದ ಸರ್ ಸಿ.ವಿ. ರಾಮನ್, ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು. ಅಂಕಗಳಲ್ಲಿ ಕೊರತೆಯಿರಲಿಲ್ಲ. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು.

ಕಮಲಾ ಮನೆಗೆ ಹಿಂದಿರುಗಲಿಲ್ಲ. ನೇರವಾಗಿ ರಾಮನ್ ಅವರ ಕಚೇರಿಗೆ ಹೋಗಿ ಕಾರಣ ಕೇಳಿದರು, ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಸೇರಿಸಿಕೊಳ್ಳಲಾಯಿತು. ಮೊದಲ ವರ್ಷ ಅವರು ಪೂರ್ಣ ವಿದ್ಯಾರ್ಥಿನಿಯಲ್ಲ, ಪರೀಕ್ಷಾರ್ಥ ಮಾತ್ರ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ತಮ್ಮ ಇರುವಿಕೆಯಿಂದ ಪುರುಷ ಸಹೋದ್ಯೋಗಿಗಳ ಗಮನ ಕದಡಬಾರದು. ಈ ಅವಮಾನವನ್ನು ನುಂಗಿ ಅವರು ಎಂ. ಶ್ರೀನಿವಾಸಯ್ಯ ಎಂಬ ಗುರುಗಳ ಬಳಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಬಗ್ಗೆ ಸಂಶೋಧನೆ ಮಾಡಿದರು. ಅವರ ಕೆಲಸವನ್ನು ಕಂಡ ಮೇಲೆ ಸಂಸ್ಥೆ ಇತರ ಹುಡುಗಿಯರಿಗೂ ಬಾಗಿಲು ತೆರೆಯಿತು.

ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ವಿವಾಹದ ನಂತರ ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಅವರು, ತಾಳೆಮರದ ನೀರಾದಲ್ಲಿರುವ ಪೌಷ್ಟಿಕಾಂಶಗಳು ಬಡ ಮಕ್ಕಳಿಗೂ ಗರ್ಭಿಣಿಯರಿಗೂ ಹೇಗೆ ಉಪಯುಕ್ತ ಎಂದು ತೋರಿಸಿದರು. ಕೆಲವೇ ವರ್ಷಗಳ ಬಳಿಕ ಮೈಸೂರು ಸಂಸ್ಥಾನದ ರಾಜೇಶ್ವರಿ ಎಂಬ ಯುವತಿ ಅದೇ ಸಂಸ್ಥೆಗೆ ಸೇರಿದರು. ಮುಂದೆ ರಾಜೇಶ್ವರಿ ಚಟರ್ಜಿ ಎಂದು ಹೆಸರಾಗಿ, ಮೈಕ್ರೋವೇವ್ ಇಂಜಿನಿಯರಿಂಗ್ ಕಲಿಸುವ ಪ್ರಾಧ್ಯಾಪಕರಾದರು.

ದೊಡ್ಡ ವಿಜ್ಞಾನಿಯೂ ತನ್ನ ಕಾಲದ ಕುರುಡಿಗೆ ಹೊರತಲ್ಲ ಎಂಬುದು ಈ ಘಟನೆಯ ಒಂದು ಪಾಠ. ಎರಡನೆಯ ಪಾಠ ನಮಗೆ ಹೆಚ್ಚು ಹತ್ತಿರದ್ದು. ಸಂಸ್ಥೆಯ ಮೌಲ್ಯಗಳನ್ನು ಫಲಕದ ಮೇಲೆ ಬರೆದರೆ ಸಾಲದು, ಒಳಗೆ ಬರಲು ಹಕ್ಕಿದ್ದವರು ಬಂದು ಕೇಳಿದಾಗಲೇ ಅವು ನಿಜವಾಗುತ್ತವೆ.

ಶ್ರೀಗಂಧದಿಂದ ಸೌದೆ ಒಲೆಯವರೆಗೆ

ಇಷ್ಟೆಲ್ಲ ಖರ್ಚಿನಿಂದ ಸಾಮಾನ್ಯ ಜನರಿಗೆ ಸಿಕ್ಕಿದ್ದೇನು? ತೆರಿಗೆ ಕಟ್ಟುವವನಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ.

ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಕೊರಡುಗಳು ಜರ್ಮನಿಗೆ ಹೋಗುತ್ತಿದ್ದವು, ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾದಾಗ ಆ ಮಾರುಕಟ್ಟೆ ಒಮ್ಮೆಲೇ ಮುಚ್ಚಿತು. ಮೈಸೂರು ಸರಕಾರದ ಕೈಗಾರಿಕಾ ಅಧಿಕಾರಿ ಆಲ್‌ಫ್ರೆಡ್ ಚಾಟರ್ಟನ್ ಮತ್ತು ಸಂಸ್ಥೆಯ ರಸಾಯನ ವಿಜ್ಞಾನಿಗಳು ಸೇರಿ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ನಮ್ಮ ಮನೆಗಳಲ್ಲಿ ಇಂದಿಗೂ ಬಳಸುವ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಇರುವುದು ಈ ಇತಿಹಾಸ. ಕಚ್ಚಾ ವಸ್ತುವನ್ನು ಮಾತ್ರ ಮಾರುತ್ತಿದ್ದ ನಾಡು ಸಿದ್ಧ ವಸ್ತುವನ್ನು ಮಾರುವಂತಾಯಿತು.

ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ವಿಜ್ಞಾನದ ವಿಭಾಗ ಬಂತು. ನಿರ್ದೇಶಕರಾಗಿದ್ದ ಸತೀಶ್ ಧವನ್ ಮುಂದೆ ದೇಶದ ಬಾಹ್ಯಾಕಾಶ ಕಾರ್ಯಕ್ರಮವನ್ನೂ ಮುನ್ನಡೆಸಿದರು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಸಂಸ್ಥೆಯ ಒಳಗಿನಿಂದಲೇ ಒಬ್ಬರು ಬೇರೆ ಪ್ರಶ್ನೆ ಎತ್ತಿದರು. ಅವರು ಅಮೂಲ್ಯ ಕೆ.ಎನ್. ರೆಡ್ಡಿ, ರಸಾಯನ ವಿಜ್ಞಾನದಲ್ಲಿ ಒಳ್ಳೆಯ ಹೆಸರು ಮಾಡಿದ್ದವರು. ನಮ್ಮ ಪ್ರಯೋಗಾಲಯದ ಕೆಲಸದಿಂದ ಹಳ್ಳಿಯ ಬಡವನಿಗೆ ಏನು ಸಿಕ್ಕಿದೆ ಎಂಬುದು ಅವರ ಪ್ರಶ್ನೆ. 1974ರಲ್ಲಿ ಅವರು ಮತ್ತು ಸಂಗಡಿಗರು ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಘಟಕವನ್ನು ಆರಂಭಿಸಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರ ಬಂತು.

ಅವರು ಮೊದಲು ಮಾಡಿದ ಕೆಲಸ ಹಳ್ಳಿಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿ ಖರ್ಚಾಗುತ್ತದೆ ಎಂದು ಅಳೆಯುವುದು. ಉತ್ತರ ಕಾರ್ಖಾನೆಯಲ್ಲೂ ಪಂಪ್‌ಸೆಟ್ಟಿನಲ್ಲೂ ಇರಲಿಲ್ಲ. ಅಡುಗೆ ಕೋಣೆಯಲ್ಲಿತ್ತು. ಹಳ್ಳಿಯ ಶಕ್ತಿಯ ಅತಿ ದೊಡ್ಡ ಪಾಲು ಸೌದೆಯಾಗಿ ಒಲೆಯಲ್ಲಿ ಉರಿಯುತ್ತಿತ್ತು. ಆ ಸೌದೆಯನ್ನು ಹೊತ್ತು ತರುವವರು ಹೆಂಗಸರು ಮತ್ತು ಮಕ್ಕಳು, ಹೊಗೆ ಕುಡಿಯುವವರೂ ಅವರೇ. ಆಗ ವಿಜ್ಞಾನಿಗಳು ಒಲೆಯನ್ನು ಕೈಗೆತ್ತಿಕೊಂಡರು. ಗಾಳಿ ಎಲ್ಲಿಂದ ಒಳಬರಬೇಕು, ಉರಿ ಪಾತ್ರೆಗೆ ಹೇಗೆ ತಾಗಬೇಕು, ಹೊಗೆ ಕೊಳವೆಯಿಂದ ಹೇಗೆ ಹೊರಹೋಗಬೇಕು ಎಂದು ಲೆಕ್ಕ ಹಾಕಿ, ಕಡಿಮೆ ಸೌದೆಯಲ್ಲಿ ಅಡುಗೆ ಮುಗಿಯುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಅದು ರಾಜ್ಯದ ಸಾವಿರಾರು ಮನೆಗಳನ್ನು ತಲುಪಿತು. ಅದೇ ತಾಲೂಕಿನ ಪುರ ಎಂಬ ಪುಟ್ಟ ಗ್ರಾಮದಲ್ಲಿ ಸೆಗಣಿ ಅನಿಲದಿಂದ ಯಂತ್ರ ಓಡಿಸಿ ಮನೆಗಳಿಗೆ ದೀಪ ಮತ್ತು ಕುಡಿಯುವ ನೀರು ಕೊಡುವ ವ್ಯವಸ್ಥೆ ನಡೆಯಿತು. ಅದನ್ನು ನೋಡಿಕೊಂಡವರು ಊರಿನವರೇ.

ರಾಕೆಟ್ಟಿನ ಲೆಕ್ಕ ಹಾಕುವ ಆವರಣದಲ್ಲಿ ಒಲೆಯ ಲೆಕ್ಕವನ್ನೂ ಹಾಕಿದರು ಎಂಬುದು ನನ್ನ ದೃಷ್ಟಿಯಲ್ಲಿ ಈ ಸಂಸ್ಥೆಯ ಇತಿಹಾಸದ ಬಹಳ ಗೌರವದ ಪುಟ. ಜನರ ಹಣ ಜನರ ಅಡುಗೆಮನೆಗೆ ಹಿಂದಿರುಗಿದ ಪುಟ ಅದು.

ನಮ್ಮ ಹತ್ತಿರದ ಗುಡ್ಡ

ಬೆಂಗಳೂರು ದೂರವಾಯಿತು ಎನ್ನುವವರು ಕೊಣಾಜೆಯನ್ನು ನೋಡಲಿ. ಶಕ್ತಿನಗರದಿಂದ ಹೊರಟು ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಬದಲಾಯಿಸಿದರೆ ತೊಕ್ಕೊಟ್ಟು, ದೇರಳಕಟ್ಟೆ ದಾಟಿ ಮಂಗಳಗಂಗೋತ್ರಿ ತಲುಪಬಹುದು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಅಲ್ಲಿ ಓದು ಆರಂಭವಾಯಿತು. ಅದಕ್ಕೆ ಮುಂಚೆ ಈ ಕರಾವಳಿಯ ಮಕ್ಕಳು ಎಂ.ಎ., ಎಂ.ಎಸ್ಸಿ. ಓದಬೇಕಾದರೆ ಘಟ್ಟ ಹತ್ತಬೇಕಿತ್ತು. ಅದು ಎಲ್ಲರಿಂದ ಆಗುವ ಕೆಲಸವಾಗಿರಲಿಲ್ಲ. 1980ರ ಸೆಪ್ಟೆಂಬರ್ 10ರಂದು ಆ ಕೇಂದ್ರ ಮಂಗಳೂರು ವಿಶ್ವವಿದ್ಯಾನಿಲಯವಾಯಿತು.

ಅದರ ಮೊದಲ ಕುಲಪತಿ ಪ್ರೊ. ಬಿ. ಶೇಖ್ ಅಲಿ. ನಮ್ಮಲ್ಲಿ ಎಷ್ಟು ಯುವಕರಿಗೆ ಈ ಹೆಸರು ಗೊತ್ತಿದೆ? ಮೈಸೂರು ಸೀಮೆಯ ಈ ಇತಿಹಾಸಕಾರರು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಬಗ್ಗೆ ಮಾತ್ರವಲ್ಲ, ಪಶ್ಚಿಮ ಗಂಗರ ಬಗ್ಗೆಯೂ ಆಳವಾಗಿ ಬರೆದವರು. ಇತಿಹಾಸವನ್ನು ಬರೆಯುವ ವಿಧಾನದ ಬಗ್ಗೆ ಅವರು ಬರೆದ ಪುಸ್ತಕ ದೇಶದ ಅನೇಕ ಕಡೆ ಪಠ್ಯವಾಗಿತ್ತು. ಖಾಲಿ ಗುಡ್ಡದ ಮೇಲಿದ್ದ ಕೇಂದ್ರವನ್ನು ವಿಶ್ವವಿದ್ಯಾನಿಲಯವಾಗಿ ನಿಲ್ಲಿಸುವ ಹೊಣೆ ಹೊತ್ತ ಅವರು, ಮುಂದೆ ಗೋವಾ ವಿಶ್ವವಿದ್ಯಾನಿಲಯಕ್ಕೂ ಮೊದಲ ಕುಲಪತಿಯಾದರು. 2022ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಈ ವಿಶ್ವವಿದ್ಯಾನಿಲಯ ನಮ್ಮ ಮಣ್ಣನ್ನೂ ನುಡಿಯನ್ನೂ ಓದಿದೆ. ಉಳ್ಳಾಲದ ಕಡಲತೀರದ ಮರಳಿನಲ್ಲಿ ಸಹಜವಾಗಿಯೇ ಇರುವ ವಿಕಿರಣವನ್ನು ಅಳೆದು ಲೋಕಕ್ಕೆ ತಿಳಿಸಿದವರು ಇದರ ಭೌತಶಾಸ್ತ್ರ ವಿಭಾಗದವರು. ತುಳು ಜನಪದವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದ ಪ್ರೊ. ಬಿ.ಎ. ವಿವೇಕ ರೈ ಇಲ್ಲಿಯ ಪ್ರಾಧ್ಯಾಪಕರಾಗಿದ್ದರು. ಮನೆಯೊಳಗಿನ ಮಾತೆಂದು ನಾವೇ ಸದರದಿಂದ ಕಾಣುತ್ತಿದ್ದ ಬ್ಯಾರಿ ಭಾಷೆಗೂ ಇಂದು ಅಲ್ಲಿ ಒಂದು ಅಧ್ಯಯನ ಪೀಠವಿದೆ.

ಈಗ ಆ ವಿಶ್ವವಿದ್ಯಾನಿಲಯದ ಹಣಕಾಸಿನ ಮುಗ್ಗಟ್ಟಿನ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅದನ್ನು ಓದಿ, ಅದು ಸರಕಾರದ ಕೆಲಸವೆಂದು ಪುಟ ಮಗುಚುವವರೇ ಹೆಚ್ಚು. ಸರಕಾರದ ಹೊಣೆ ಇದೆ, ಅದನ್ನು ಕೇಳಲೇಬೇಕು. ಆದರೆ ಬೆಂಗಳೂರಿನ ಸಂಸ್ಥೆಯ ಕಥೆ ನೋಡಿದರೆ ಸರಕಾರ ಕೊನೆಗೆ ಬಂದದ್ದು, ಮೊದಲು ಬಂದವರು ಕೊಡುವವರು.

ನಮ್ಮ ಪಾಲು

ನಮ್ಮ ಸಮುದಾಯ ಕೊಡುವುದರಲ್ಲಿ ಹಿಂದೆ ಬಿದ್ದದ್ದಲ್ಲ. ಮಸೀದಿಗೆ ಕೇಳಿದರೆ ಕೊಡುತ್ತೇವೆ, ಮದರಸಕ್ಕೆ ಕೊಡುತ್ತೇವೆ, ಬಡ ಹುಡುಗಿಯ ಮದುವೆಗೆ, ಆಸ್ಪತ್ರೆಯ ಬಿಲ್ಲಿಗೆ ಕೊಡುತ್ತೇವೆ. ಗಲ್ಫಿನಲ್ಲಿ ದುಡಿಯುವ ಸಹೋದರರು ಅಲ್ಲಿಂದಲೇ ಕಳುಹಿಸುತ್ತಾರೆ. ವಿದ್ಯಾರ್ಥಿವೇತನವೂ ಇದೆ. ಅದು ಬಹುತೇಕ ಮೆಡಿಕಲ್, ಇಂಜಿನಿಯರಿಂಗ್ ಎಂಬಲ್ಲಿಗೆ ನಿಲ್ಲುತ್ತದೆ. ಎಂ.ಎಸ್ಸಿ. ಮುಗಿಸಿ ಇನ್ನೂ ಐದು ವರ್ಷ ಸಂಶೋಧನೆ ಮಾಡುತ್ತೇನೆ ಎನ್ನುವ ಮಗಳಿಗೆ ನಾವು ಏನು ಹೇಳುತ್ತೇವೆ? ಇನ್ನೆಷ್ಟು ಓದುವುದು ಮೋಳೇ, ಸಾಕು ಎನ್ನುತ್ತೇವೆ. ಮಗನಿಗಾದರೆ ವೀಸಾ ಹುಡುಕುತ್ತೇವೆ. ಕಮಲಾ ಅವರನ್ನು ತಡೆದದ್ದು ಸಂಸ್ಥೆಯ ಬಾಗಿಲು. ನಮ್ಮ ಅನೇಕ ಹೆಣ್ಣುಮಕ್ಕಳು ಆ ಬಾಗಿಲಿನವರೆಗೂ ತಲುಪುವುದಿಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಒಂದು ಜಮಾಅತ್, ಅಥವಾ ನಾಲ್ಕು ಜಮಾಅತ್‌ಗಳು ಸೇರಿ, ವರ್ಷಕ್ಕೆ ಒಬ್ಬರೇ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಖರ್ಚನ್ನು ವಹಿಸಿಕೊಳ್ಳಲಿ. ಒಂದು ಅಂಗಡಿ ಕೋಣೆಯ ಬಾಡಿಗೆಯನ್ನು ಅದಕ್ಕೆಂದೇ ತೆಗೆದಿಡಲಿ. ಆ ವಿದ್ಯಾರ್ಥಿ ನಮ್ಮವನೇ ಆಗಬೇಕೆಂದೂ ಇಲ್ಲ. ಟಾಟಾ ತಮ್ಮ ಸಮುದಾಯಕ್ಕೆಂದು ಆರಂಭಿಸಿದ ನಿಧಿಯನ್ನು ಎಲ್ಲರಿಗೂ ತೆರೆದದ್ದನ್ನು ನೆನಪಿಡೋಣ. ಅವನು ನಮ್ಮ ನೇತ್ರಾವತಿಯ ನೀರಿನ ಬಗ್ಗೆ, ಮೀನುಗಾರರ ಬದುಕಿನ ಬಗ್ಗೆ, ಬೀಡಿ ಕಟ್ಟುವ ಹೆಂಗಸರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡಲಿ. ವರ್ಷಕ್ಕೊಮ್ಮೆ ಊರಿಗೆ ಬಂದು, ತಾನು ಕಂಡುಕೊಂಡದ್ದನ್ನು ನಮಗೆ ಅರ್ಥವಾಗುವ ಮಾತಿನಲ್ಲಿ ಹೇಳಲಿ.

ಆ ನಿಧಿಗೆ ಯಾರ ಹೆಸರನ್ನೂ ಇಡುವುದು ಬೇಡ. ಉದ್ಘಾಟನೆಯ ಫಲಕ, ವೇದಿಕೆಯ ಮೇಲಿನ ಶಾಲು ಇಲ್ಲದೆಯೂ ಅದು ನಡೆಯಬಹುದು. ಈಗ ಆರಂಭಿಸಿದರೆ ಅದರ ಫಲ ಕೈಗೆ ಬರುವಾಗ ನಮ್ಮಲ್ಲಿ ಹಲವರು ಇರಲಾರರು. ಟಾಟಾ ಅವರೂ ಇರಲಿಲ್ಲ.